ಮಂಗಳಾರತಿ ಹೊತ್ತಿಗೆ ಬಂದ ಸುದ್ದಿ

೨೦೦೭ರ ಗಣೇಶ ಚತುರ್ಥಿಗೆ ಅಮೆರಿಕದ ಪೋರ್ಟರ್ ರ್ಯಾಂಚ್‌ನಲ್ಲಿದ್ದ ಧಾರವಾಡದ ಅಂಕಲ್ ಮನೆಯಲ್ಲಿ ಸೇರಿದ್ದೆವು. ಮಂಗಳಾರತಿ ಹೊತ್ತಿಗೆ ಅವರು ಟಿವಿಯನ್ನು ಮ್ಯೂಟ್ ಮಾಡುತ್ತಿದ್ದರೇ ಹೊರತು ಆರಿಸುತ್ತಿರಲಿಲ್ಲ. ಗಂಟೆ ಬಾರಿಸುತ್ತಿದ್ದ ನನಗೆ ಪರದೆಯ ಮೇಲೆ ಆರ್ಕ್ಟಿಕ್ ಸಮುದ್ರದ ನಕ್ಷೆ ಕಂಡಿತು. ಮಂಜುಗಡ್ಡೆ ಹಿಂದೆಂದೂ ಇಷ್ಟು ಕರಗಿರಲಿಲ್ಲ ಎಂದು ಕೆಳಗೆ ಬರೆದಿತ್ತು. ಆರತಿ ಒಂದು ಸುತ್ತು ಬರುವಷ್ಟರಲ್ಲಿ ಆ ಸುದ್ದಿಯೇ ಮುಗಿದು, ಫ್ರೀವೇಯಲ್ಲಿ ಪೊಲೀಸರು ಯಾವುದೋ ಕಾರನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ ಶುರುವಾಯಿತು.

“ಏ, ಸೌಂಡ್ ಜೋರ್ ಮಾಡ್ರಿ!” ಎಂದರು ಅಂಕಲ್, ಆರತಿ ತಟ್ಟೆ ಹಿಡಿದುಕೊಂಡೇ.

ನನಗೆ ಮೈಯೆಲ್ಲ ಉರಿದುಹೋಯಿತು. “ಅಲ್ಲ ಅಂಕಲ್, ಅಲ್ಲಿ ಸಮುದ್ರದ ಐಸೇ ಕರಗಿ ಹೋಗ್ತಿದೆ. ಅದನ್ನ ಅರ್ಧ ನಿಮಿಷಾನೂ ತೋರಿಸಲಿಲ್ಲ. ನಾಚಿಕೆ ಆಗಲ್ವಾ ಇವರಿಗೆ?”

“ಅದು ನಾಳೆನೂ ಕರಗತೈತಿ. ಇವ ಈಗ ತಪ್ಪಿಸ್ಕೊಂಡು ಹೋಗ್ತಾನ, ನೋಡ್ರಿ.”

ಎಲ್ಲರೂ ನಕ್ಕರು. ಚಾನೆಲ್‌ನವರನ್ನೂ ಅಂಕಲ್ಲನ್ನೂ ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದುಕೊಂಡೆ. ಊಟಕ್ಕೆ ಬನ್ನಿ ಎಂದು ಹೆಂಡತಿ ಎರಡು ಸಲ ಕರೆದಳಂತೆ, ನನಗೆ ಕೇಳಿಸಲೇ ಇಲ್ಲ. ಚಾಟ್ಸ್‌ವರ್ತ್ ಹತ್ತಿರ ಆ ಕಾರು ಸಿಕ್ಕಿಬೀಳುವವರೆಗೂ ನಾನು ಟಿವಿ ಮುಂದಿನಿಂದ ಕದಲಿರಲಿಲ್ಲ. ಗಂಟೆ ಇನ್ನೂ ಕೈಯಲ್ಲೇ ಇತ್ತು.