ಭಾವನ ಕೈಯಲ್ಲಿದ್ದ ಬಂದೂಕು

ಸ್ವೀಡನ್ನಿನ ಮಾಲ್ಮೋದಿಂದ ರಜೆ ಹಾಕಿ ಲಿಂಕೋಪಿಂಗ್‌ನ ಅಕ್ಕನ ಮನೆಗೆ ಹೋಗಿದ್ದೆ. ಆಗಸ್ಟ್ ತಿಂಗಳು, ವಾರಗಟ್ಟಲೆ ಮಳೆಯಿರಲಿಲ್ಲ. ಅಕ್ಕನ ಗಂಡ ಹಿಂದಿನ ವರ್ಷವಷ್ಟೇ ಪರೀಕ್ಷೆ ಬರೆದು ಬೇಟೆಯ ಲೈಸೆನ್ಸ್ ಪಡೆದಿದ್ದರು. ಗಂಡು ಜಿಂಕೆಗಳ ಬೇಟೆ ಶುರುವಾದ ವಾರ ನನ್ನನ್ನೂ ಕರೆದುಕೊಂಡು ಹೋದರು. ಬೆಳಗ್ಗೆ ಅವರು ಹೊಡೆದ ಗುಂಡು ಜಿಂಕೆಯ ಹೊಟ್ಟೆಗೆ ತಗುಲಿತು. ಅದು ಬೀಳದೆ ಓಡಿತು.

ಗಾಯವಾದ ಪ್ರಾಣಿಯನ್ನು ಬಿಟ್ಟು ಬರುವಂತಿಲ್ಲ. ವಾಸನೆ ಹಿಡಿಯುವ ನಾಯಿ ಸಾಕಿದ್ದ ಹಿರಿಯ ಹೆಂಗಸೊಬ್ಬರಿಗೆ ಫೋನ್ ಮಾಡಿದೆವು. ಮಧ್ಯಾಹ್ನದ ಮೇಲೆ ಬರುತ್ತೇನೆ, ಅಲ್ಲಿಯವರೆಗೆ ನೆರಳಲ್ಲಿರಿ ಎಂದರು.

ಭಾವನಿಗೆ ಕೂರಲಾಗಲಿಲ್ಲ. "ಅದು ಎಲ್ಲೋ ಒದ್ದಾಡ್ತಿರುತ್ತೆ ಕಣೋ," ಎಂದು ಎದ್ದರು.

"ಬಿಸಿಲು ಜಾಸ್ತಿ ಇದೆ ಭಾವ. ನೀರೂ ಒಂದೇ ಬಾಟಲ್."

"ರಾಯಚೂರಲ್ಲಿ ಹುಟ್ಟಿದೋನು ನಾನು. ಇದೂ ಒಂದು ಬಿಸಿಲಾ?"

ಮರವೆಲ್ಲ ಕಡಿದು ಸಾಗಿಸಿದ್ದ ಆ ಬಯಲು ಮರುಭೂಮಿಯಂತಿತ್ತು. ಮರಳು ನೆಲ, ಬೊಡ್ಡೆಗಳು, ಅಲ್ಲಲ್ಲಿ ಒಣಗಿದ ರಕ್ತ. ಹಕ್ಕಿಯ ಸದ್ದೂ ಇಲ್ಲ. ಭಾವ ದಪ್ಪ ಜಾಕೆಟ್ ಬಿಚ್ಚಲಿಲ್ಲ. ನೀರು ಹನ್ನೊಂದಕ್ಕೇ ಮುಗಿಯಿತು. ಸ್ವಲ್ಪ ಹೊತ್ತಿಗೆ ಅವರ ಮುಖ ಕೆಂಪಾಗಿ, ಬೆವರು ನಿಂತುಹೋಗಿರುವುದು ಕಂಡಿತು. ಹೆಜ್ಜೆ ಅಡ್ಡಾದಿಡ್ಡಿ ಬೀಳುತ್ತಿತ್ತು.

"ವಾಪಸ್ ಹೋಗೋಣ ಭಾವ."

"ಸುಮ್ಕಿರು. ಅಲ್ಲಿ ಯಾರೋ ನಿಂತಾರ."

ನಮ್ಮ ಮುಂದೆ ಅವರು ಯಾವತ್ತೂ ತಮ್ಮ ರಾಯಚೂರಿನ ಆಡುಮಾತು ಆಡಿದವರಲ್ಲ. ತೋರಿಸಿದ ಕಡೆ ಬೊಡ್ಡೆಯೊಂದಿತ್ತು, ಅಷ್ಟೇ. ಬಂದೂಕು ಭುಜಕ್ಕೇರಿತು. ಆಮೇಲೆ ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಳಿಗೆಯ ತುದಿ ನನ್ನ ಎದೆಯ ಮಟ್ಟಕ್ಕಿತ್ತು.

"ನೀ ಯಾರು?"

ಓಡಿದರೆ ಗುಂಡು ಹೊಡೆದೇಬಿಡುತ್ತಾರೆ ಅನ್ನಿಸಿತು. "ನಾನು, ನಿಮ್ಮ ಹೆಂಡತಿಯ ತಮ್ಮ," ಎಂದೆ. ನಿಧಾನವಾಗಿ ಕೈ ಚಾಚಿದೆ. "ಕೈ ನೋಯ್ತಿರಬೇಕು ನಿಮಗೆ. ಸ್ವಲ್ಪ ಹೊತ್ತು ನಾನು ಹಿಡ್ಕೋತೀನಿ, ಕೊಡಿ."

ಅವರು ಮಗುವಿನ ಹಾಗೆ ಕೊಟ್ಟುಬಿಟ್ಟರು. ಮರುಕ್ಷಣ ಕುಸಿದರು.

ಆಂಬುಲೆನ್ಸ್‌ಗೆ ಫೋನ್ ಮಾಡಿ, ಅವರನ್ನು ಬಯಲಂಚಿನ ಮರದ ನೆರಳಿಗೆ ಎಳೆದೆ. ಜಾಕೆಟ್ ಬಿಚ್ಚಿ, ಪಕ್ಕದ ಹಳ್ಳದ ಕೆಸರುನೀರನ್ನು ಟೋಪಿಯಲ್ಲಿ ತುಂಬಿ ಮೈಮೇಲೆ ಸುರಿಯುತ್ತಲೇ ಇದ್ದೆ. ಜಿಂಕೆ ಸಂಜೆ ನಾಯಿಗೆ ಸಿಕ್ಕಿತಂತೆ, ಸತ್ತಿತ್ತಂತೆ.

ಬಿಸಿಲಾಘಾತ ಎಂದರು ವೈದ್ಯರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಭಾವ ಉಳಿದುಕೊಂಡರು. ನೀರು ಮುಗಿದ ಮೇಲಿನದ್ದು ಯಾವುದೂ ಅವರಿಗೆ ನೆನಪಿಲ್ಲ. ಬಂದೂಕು ಯಾರ ಕಡೆ ತಿರುಗಿತ್ತೆಂದು ನಾನು ಅವರಿಗೂ ಹೇಳಿಲ್ಲ, ಅಕ್ಕನಿಗೂ ಹೇಳಿಲ್ಲ. ಈ ಆಗಸ್ಟ್‌ಗೆ ಮತ್ತೆ ಬೇಟೆಗೆ ಬಾ ಎಂದು ಭಾವ ಮೆಸೇಜ್ ಕಳಿಸಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.