ಹಳ್ಳದ ತಳ ಸೋಸುವ ಯಶೋದಾ

ಬೆಳಕು ಹರಿಯುವ ಹೊತ್ತು. ಮಳೆಗಾಲ ಮುಗಿಯುತ್ತ ಬಂದಿದೆ. ಕಳಸದ ಆಚೆ, ಕಾಫಿ ತೋಟಗಳ ನಡುವಿನ ಹಳ್ಳದಲ್ಲಿ ಯಶೋದಾ ಮೊಣಕಾಲುದ್ದ ನೀರಿಗಿಳಿದು ನಿಂತಿದ್ದಾರೆ. ಒಂದು ಕೈಯಲ್ಲಿ ಬಲೆ, ಇನ್ನೊಂದು ಕೈ ತಳದ ಕಲ್ಲು ಮಗುಚುತ್ತಿದೆ. ಕಣ್ಣು ಮಾತ್ರ ಮೇಲಿನ ತಿರುವಿನತ್ತಲೇ.

"ಇಲ್ಲಿ ಬಿಸಿಲಿದ್ರೂ ಗುಡ್ಡದಲ್ಲಿ ಮಳೆ ಬಿದ್ರೆ ನೀರು ಒಮ್ಮೆಲೇ ಏರ್ತದೆ. ಹೋದ್ವರ್ಷ ನನ್ನನ್ನೂ ಎಳ್ಕೊಂಡು ಹೋಗಿತ್ತು. ದಡದ ವಾಟೆ ಬಿದಿರಿನ ಮೆಳೆ ಹಿಡ್ಕೊಂಡು ಬದುಕಿದೆ" ಎನ್ನುತ್ತಾರೆ.

ಚಿಕ್ಕಮಗಳೂರಿನ ಕಾಲೇಜೊಂದರ ಸಂಶೋಧಕಿ ರೂಪಶ್ರೀ ಹಳ್ಳದ ತಳದ ಜೀವಿಗಳ ಅಧ್ಯಯನ ನಡೆಸುತ್ತಿದ್ದಾರೆ. ಅವರಿಗೆ ಮಾದರಿ ತೆಗೆದುಕೊಡುವುದು, ಮೊದಲು ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದ ಯಶೋದಾ ಅವರ ಕೆಲಸ. ಕಾಡಂಚಿನಲ್ಲಿ, ತೋಟದ ಪಕ್ಕದಲ್ಲಿ, ಕೆಳಗೆ ತೋಟದ ಕೆಲಸದವರು ವಾಸಿಸುವ ಲೈನ್ ಮನೆಗಳ ಹತ್ತಿರ ಮಣ್ಣು ಬಾಚಿ ಸೋಸುತ್ತಾರೆ. ಮಳೆಗಾಲದ ಸೆಳೆತ ತಳವನ್ನೇ ಗುಡಿಸಿಬಿಡುತ್ತದೆ. ಚಳಿ ಬಂದಂತೆ ಬಸವನಹುಳು, ಸೀಗಡಿ, ಏರೋಪ್ಲೇನ್ ಚಿಟ್ಟೆಯ ಮರಿಗಳು ಮತ್ತೆ ತುಂಬಿಕೊಳ್ಳುತ್ತವೆ.

ಕಳೆದ ಜನವರಿಯಲ್ಲಿ ಹಾಗಾಗಲಿಲ್ಲ. ಕಾಡಂಚಿನಲ್ಲಿ ಬಲೆ ತುಂಬಿತ್ತು. ಲೈನ್ ಮನೆಗಳ ಹತ್ತಿರ ಮಾತ್ರ ಯಾವ ಕಲ್ಲು ಎತ್ತಿದರೂ ಒಂದು ಜೀವ ಅಲುಗಲಿಲ್ಲ. ಬೆರಳಿಗೆ ಕಪ್ಪು ಲೋಳೆ, ಮೂಗಿಗೆ ಕೊಳೆತ ಕಾಫಿ ಹಣ್ಣಿನ ನಾತ. ತುಸು ಕೆಳಗೆ ತುಂಬು ಬಸುರಿ ಸೊಸೆ ಭವ್ಯಾ ಕೊಡ ಅದ್ದುತ್ತಿದ್ದಳು.

"ಚೆಲ್ಲು ಮಾರಾಯ್ತಿ! ಬಾಯಿಗೆ ಹಾಕ್ಬೇಡ!"

ಭವ್ಯಾ ಹಿಂದಿನ ದಿನವೂ ಅದನ್ನೇ ಕುಡಿದಿದ್ದಳು. "ಕೇಳಿದ್ದೇ ತೋಟದವರಿಗೆ ಹೇಳ್ತೇನೆ ಅಂತ ಹೊರಟೆ" ಎನ್ನುತ್ತಾರೆ ಯಶೋದಾ.

ಅದೇ ತೋಟದಲ್ಲಿ ದುಡಿಯುವ ಗಂಡ ಗುರುವಯ್ಯ ತಡೆದರು: "ಸುಮ್ನಿರು. ಲೈನ್ ಮನೆ ಬಿಡ್ಸಿದ್ರೆ ಎಲ್ಲಿಗೆ ಹೋಗೋದು?"

ಆ ಹೆದರಿಕೆ ಯಶೋದಾ ಅವರಿಗೂ ಇತ್ತು. ಆದರೂ ಗುಡ್ಡ ಹತ್ತಿ ತೋಟದ ಲೆಕ್ಕ, ಉಸ್ತುವಾರಿ ನೋಡುವ ರೈಟರ್ ಧರ್ಮೇಶ್ ಮುಂದೆ ನಿಂತರು. "ರೈಟ್ರೇ, ಕೆಳಗೆ ಹಳ್ಳ ಸತ್ತೋಗಿದೆ. ನೀವೇ ಬಂದು ನೋಡಿ."

ಧರ್ಮೇಶ್ ಬಂದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನ ಕೊಳೆನೀರು ನಿಲ್ಲಿಸುವ ಹೊಂಡದ ಕಟ್ಟೆ ಬಿರಿದು, ಅದು ಹಳ್ಳಕ್ಕೆ ಹರಿಯುತ್ತಿತ್ತು. ಮಷಿನ್ ನಿಲ್ಲಿಸಿ ಮಣ್ಣು ಮೆತ್ತಿಸಿದರು. ಮನೆ ಬಿಡಿಸಲಿಲ್ಲ. ಮಗುವಿನ ಮುಖ ನೋಡುವವರೆಗೂ ಯಶೋದಾಗೆ ನಿದ್ದೆ ಹತ್ತಲಿಲ್ಲ. ಹೆಣ್ಣು ಮಗು, ಗಟ್ಟಿಯಾಗಿದೆ.

ಇನ್ನೇನು ಮತ್ತೆ ಕುಯ್ಲು ಶುರು. ಕಟ್ಟೆ ಇನ್ನೂ ಮಣ್ಣಿನದ್ದೇ. "ಅದಕ್ಕೊಂದು ಸಿಮೆಂಟ್ ಹಾಕಿಸ್ಲಿ, ನಂಗೆ ಬೇರೇನೂ ಬೇಡ" ಎನ್ನುತ್ತ ಯಶೋದಾ ದಡ ಹತ್ತುತ್ತಾರೆ.

"ಈಗ ಲೈನಿನ ಹೆಂಗಸರೆಲ್ಲ ನೀರಿಗೆ ಬಂದ್ರೆ ನನ್ನ ಮುಖ ನೋಡ್ತಾರೆ. ಭಯ ಆಗೋದು ಅದಕ್ಕೇ. 'ನೀರು ಸರಿಯಿದೆ, ತುಂಬ್ಕೊಳ್ಳಿ' ಅಂತ ಹೇಳ್ಬೇಕಾದವಳು ನಾನೇ ಅಲ್ವಾ?"