ಪರದೇಶದ ಕೋಟೆಯ ಮೇಲೆ ಮೂರು ಕಲ್ಲು

ನನಗೊಂದು ಕಾಯಿಲೆ ಇದೆ. ಯಾವ ಊರಿನ ಬೆಟ್ಟ ಕಂಡರೂ ಮನಸ್ಸಿನಲ್ಲೇ ನಮ್ಮ ಸಾವನದುರ್ಗವನ್ನು ತಂದು ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತೇನೆ. ನಮ್ಮದು ಇಡೀ ಬೆಟ್ಟವೇ ಒಂದು ಕಲ್ಲು. ಮಿಕ್ಕವರದು ಏನಿದ್ದರೂ ಜಲ್ಲಿ ರಾಶಿ. ಮಾಗಡಿಯವರಲ್ಲಿ ಇದು ಸಾಮಾನ್ಯ, ಔಷಧಿಯಿಲ್ಲ.

ಈ ಕಾಯಿಲೆ ಹೊತ್ತುಕೊಂಡೇ ಹೆಂಡತಿಯ ಜೊತೆ ಲಿಸ್ಬನ್‌ಗೆ ಟೂರು ಹೋದೆ. ಟೂರಿನವರು ಗುಡ್ಡದ ಮೇಲಿನ ಹಳೇ ಕೋಟೆ ಹತ್ತಿಸಿದರು. ಕೆಳಗೆ ಕೆಂಪು ಹೆಂಚಿನ ಊರು, ಅದರಾಚೆ ಬಂದರು, ನಮ್ಮ ಪೇಟೆಬೀದಿಯಷ್ಟು ಉದ್ದದ ಹಡಗುಗಳು. ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಜೊತೆಗಿದ್ದ ಹುಬ್ಬಳ್ಳಿಯ ದಂಪತಿಗೆ ದುರ್ಗದ ವರ್ಣನೆ ಶುರು ಮಾಡಿದೆ. ಪಾಪ, ಅವರು ಹಡಗು ನೋಡಿಕೊಂಡೇ ತಲೆಯಾಡಿಸುತ್ತಿದ್ದರು.

ಅಷ್ಟರಲ್ಲಿ ನನ್ನ ಹೆಂಡತಿ ಜಯಮ್ಮ ನಾಪತ್ತೆ. ಹುಡುಕಿದರೆ ಗೋಡೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಿದ್ದಿದ್ದ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಾಳೆ! ನಮ್ಮ ಕಡೆ ಬೆಟ್ಟ ಹತ್ತಿದವರು ಹೀಗೆ ಪುಟ್ಟ ಕಲ್ಲಿನ ಮನೆ ಕಟ್ಟಿ ಬರುತ್ತಾರೆ. ಕಟ್ಟಿದವರಿಗೆ ಸ್ವಂತ ಮನೆ ಆಗುತ್ತದೆಂಬ ನಂಬಿಕೆ. ನಮಗೆ ಊರಲ್ಲಿ ಸೈಟೇನೋ ಇದೆ. ನಾನು ವರ್ಷಗಟ್ಟಲೆ ನಕ್ಷೆ ತಿದ್ದುತ್ತಲೇ ಇರುವುದರಿಂದ ಅಲ್ಲಿ ಪಾರ್ಥೇನಿಯಂ ಮಾತ್ರ ಎದ್ದಿದೆ. ಗುಡೇಮಾರನಹಳ್ಳಿಯ ತೊಟ್ಟಿಮನೆಯಲ್ಲಿ ಬೆಳೆದವಳು ಬಾಡಿಗೆ ಮನೆಯಲ್ಲೇ ಮುದುಕಿಯಾಗುತ್ತಿದ್ದಾಳೆ ಎಂಬುದು ನನ್ನನ್ನೂ ಚುಚ್ಚುತ್ತದೆ.

ಕಾವಲುಗಾರ ಓಡಿಬಂದ. ಹಳೇ ಕಲ್ಲು, ಮುಟ್ಟಬೇಡಿ ಎಂದು ಕೈಸನ್ನೆ ಮಾಡಿದ. ಹುಬ್ಬಳ್ಳಿಯವರು ಹಡಗು ಬಿಟ್ಟು ನಮ್ಮನ್ನು ನೋಡತೊಡಗಿದರು.

"ತೆಗ್ದ್‌ಬುಡು ಜಯಾ, ಎಲ್ಲಾ ನೋಡ್ತಾವ್ರೆ" ಎಂದೆ.

"ಇಷ್ಟು ದೊಡ್ಡ ಕ್ವಾಟೆ ಮಡಿಕ್ಕಂಡವ್ನೆ, ನನ್ ಮೂರು ಕಲ್ಲಿಗೆ ಜಾಗ ಇಲ್ವಂತಾ?" ಎಂದಳು.

ಆಮೇಲೆ ಎದ್ದು ಬಂದರಿನ ಕಡೆ ತಿರುಗಿ ಸುತ್ತಲೂ ಕಣ್ಣಾಡಿಸಿದಳು. ಏನನ್ನಿಸಿತೋ, ತಾನೇ ಬಗ್ಗಿ ಒಂದೊಂದೇ ಕಲ್ಲನ್ನು ಎತ್ತಿದ ಜಾಗದಲ್ಲೇ ಇಟ್ಟಳು.

"ನಂಗೇ ಬುದ್ಧಿ ಇಲ್ಲ ಬುಡಿ. ಇಲ್ಲಿ ಕಟ್ಟುದ್ರೆ ಮನೆ ಇಲ್ಲೇ ಆಗೋಯ್ತದೆ. ಸಾವನದುರ್ಗ ಕಾಣ್ದಿರೋ ಕಡೆ ನಮ್ಗ್ಯಾಕ್ರೀ ಮನೆ?"

ನಾನು ಅಷ್ಟು ಹೊತ್ತು ಬೆಟ್ಟ ಬೆಟ್ಟ ಅಳೆದು ಗೆಲ್ಲಲು ಹೆಣಗುತ್ತಿದ್ದೆ. ಇವಳೋ ಕೋಟೆ, ಬಂದರು, ಹಡಗು ಎಲ್ಲವನ್ನೂ ಬಣ್ಣ ಹಿಡಿಸದ ಸೀರೆಯಂತೆ ಮಡಿಚಿ ವಾಪಸು ಕೊಟ್ಟುಬಿಟ್ಟಳು. ಹೆಮ್ಮೆಯಿಂದ ಹುಬ್ಬಳ್ಳಿಯವರಿಗೆ "ನಮ್ಮ ಮನೆಯವರು" ಎಂದು ಇನ್ನೊಮ್ಮೆ ಪರಿಚಯ ಮಾಡಿಸಿದೆ.

ಊರಿಗೆ ಬಂದ ಭಾನುವಾರವೇ ಏದುಸಿರು ಬಿಡುತ್ತಾ ದುರ್ಗ ಹತ್ತಿದೆವು. ಅವಳು ತನ್ನ ಮೂರು ಕಲ್ಲು ಇಟ್ಟಳು. ನಾನು ನಕ್ಷೆಯನ್ನು ಕೊನೆಯ ಸಲ ತಿದ್ದಿದ್ದೇನೆ: ಅಡುಗೆಮನೆಯ ಕಿಟಕಿ ದುರ್ಗದ ಕಡೆಗೆ. ನಾಳೆ ಪಾಯ ತೆಗೆಯಲು ಮೇಸ್ತ್ರಿ ಬರುತ್ತಾನೆ.